ಎರಡನೆಯ ಕೀಲಿಕೈ

ಹಳೆಯ ವಸ್ತು ಕೊಳ್ಳುವವರಿಗೆ ಎರಡು ಪ್ರಶ್ನೆ ಮುಖ್ಯ: ಬೆಲೆ ಸರಿಯಾಗಿದೆಯೇ, ಇನ್ನೆಷ್ಟು ದಿನ ಬಾಳಿಕೆ ಬಂದೀತು? ಲೆಕ್ಕ ನೋಡುವುದು ನನ್ನ ವೃತ್ತಿಯಾದ್ದರಿಂದ ಇಂಥ ಪ್ರಶ್ನೆಗಳು ನನ್ನನ್ನು ಹುಡುಕಿಕೊಂಡು ಬರುತ್ತವೆ. ಸನ್ನಿವೇಲಿಗೆ ಹೊಸದಾಗಿ ಬಂದಿಳಿದ ಹುಡುಗರು ಹಳೆಯ ಕ್ಯಾಮ್ರಿ ಕೊಳ್ಳುವುದೋ, ಹಳೆಯ ಅಕಾರ್ಡ್ ಕೊಳ್ಳುವುದೋ ಎಂದು ಕೇಳುತ್ತಾರೆ. ಓಡಿದ ಮೈಲಿ, ವಿಮೆ, ರಿಪೇರಿ ಎಲ್ಲ ಕೂಡಿಸಿ ಕಳೆದು ನಾನೊಂದು ಹೆಸರು ಹೇಳುತ್ತೇನೆ. ಈಚೆಗೆ ಸಾಗರದ ಕಡೆಯ ಗೆಳೆಯನೊಬ್ಬ ಅದೇ ಅಚ್ಚಿನ ಪ್ರಶ್ನೆಯೊಂದನ್ನು ತಂದ. ವಸ್ತು ಮಾತ್ರ ಬೇರೆ. ಎರಡು ಹಳೆಯ ರಿವಾಲ್ವರುಗಳಲ್ಲಿ ಒಂದನ್ನು ಆರಿಸಬೇಕು. ಶೂಟಿಂಗ್ ರೇಂಜಿನಲ್ಲಿ ಗುರಿ ಹಿಡಿಯಲಿಕ್ಕೂ ಆಗಬೇಕು, ಬೇಕೆಂದಾಗ ಸೊಂಟದಲ್ಲಿಟ್ಟುಕೊಂಡು ಓಡಾಡಲಿಕ್ಕೂ ಆಗಬೇಕು. "ಎರಡಕ್ಕೂ ಆಗೋ ಹಂಗೆ ಯಾವುದು ತಗೊಳ್ಲಿ ಹೇಳು ಮಾರಾಯ" ಎಂದ.

ಅವನೇನೂ ಸಿನಿಮಾ ನೋಡಿ ಕೆಟ್ಟ ಹುಡುಗನಲ್ಲ. ಬಹಳ ವರ್ಷ ಎಚ್-1ಬಿ ವೀಸಾದ ಮೇಲೆ ದುಡಿದು ಗ್ರೀನ್ ಕಾರ್ಡ್ ಪಡೆದವನು. ತಾತ್ಕಾಲಿಕ ವೀಸಾದವರಿಗೆ ಇಲ್ಲಿ ಸಾಮಾನ್ಯವಾಗಿ ಬಂದೂಕು ಇಟ್ಟುಕೊಳ್ಳುವ ಹಕ್ಕಿಲ್ಲ; ಕಾಯಂ ನಿವಾಸಿಯಾದ ಮೇಲೆ ಉಂಟು. ಹಾಗಾಗಿ ನಮ್ಮವರ ಪಾಲಿಗೆ ಈ ಪ್ರಶ್ನೆ ಸ್ವಂತ ಮನೆ, ಹಿತ್ತಲ ನಿಂಬೆ ಗಿಡ, ಮಕ್ಕಳ ಕಾಲೇಜಿನ ಉಳಿತಾಯ ಇವುಗಳ ಜೊತೆಗೇ ನಲವತ್ತರ ಆಸುಪಾಸಿನಲ್ಲಿ ಬಂದು ನಿಲ್ಲುತ್ತದೆ. ಅವನಿಗೆ ಕಾರಣಗಳೂ ಇದ್ದವು. ಭಾರತೀಯರ ಮನೆಯಲ್ಲಿ ಚಿನ್ನ ಇರುತ್ತದೆಂದು ಕಳ್ಳರಿಗೆ ಗೊತ್ತು. 2017ರ ಫೆಬ್ರವರಿ 22ರಂದು ಕಾನ್ಸಾಸ್ ರಾಜ್ಯದ ಒಲೇಥಾದಲ್ಲಿ ಶ್ರೀನಿವಾಸ ಕೂಚಿಭೊಟ್ಲ ಎಂಬ ಎಂಜಿನಿಯರ್, ಕೆಲಸ ಮುಗಿಸಿ ಗೆಳೆಯನೊಡನೆ ಕೂತಿದ್ದಾಗ, ಬಣ್ಣ ನೋಡಿ ರೊಚ್ಚಿಗೆದ್ದವನ ಗುಂಡಿಗೆ ಬಲಿಯಾದದ್ದು ನಮ್ಮ ಯಾರ ಮನಸ್ಸಿನಿಂದಲೂ ಹೋಗಿಲ್ಲ. ಹೆದರಿಕೆಗೆ ಆಧಾರವಿಲ್ಲ ಎಂದು ಅವನಿಗೆ ಹೇಳುವುದು ಸುಳ್ಳಾಗುತ್ತದೆ.

ಆದ್ದರಿಂದ ಅವನ ಪ್ರಶ್ನೆಯನ್ನು ಅವನು ಕೇಳಿದಂತೆಯೇ ಮೊದಲು ಎತ್ತಿಕೊಳ್ಳೋಣ. ಒಂದನೆಯದು ಸ್ಮಿತ್ ಅಂಡ್ ವೆಸನ್ ಕಂಪನಿಯ ಮಾಡೆಲ್ 10. 1899ರಲ್ಲಿ 'ಮಿಲಿಟರಿ ಅಂಡ್ ಪೊಲೀಸ್' ಎಂಬ ಹೆಸರಿನಲ್ಲಿ ಹುಟ್ಟಿ, 1957ರಲ್ಲಿ ಈ ಸಂಖ್ಯೆ ಪಡೆದದ್ದು. ಅರವತ್ತು ಲಕ್ಷಕ್ಕೂ ಹೆಚ್ಚು ತಯಾರಾಗಿವೆ. ಬಹಳ ಕಾಲ ಅಮೆರಿಕದ ಪೊಲೀಸರ ಸೊಂಟದಲ್ಲಿ ಇದ್ದದ್ದು ಇದೇ. ನಾಲ್ಕು ಅಂಗುಲದ ಬ್ಯಾರೆಲ್, ಆರು ತೋಟಾ, ಒಂದು ಕಿಲೋ ಹತ್ತಿರದ ತೂಕ. ಎರಡನೆಯದು ಅದೇ ಕಂಪನಿಯ ಮಾಡೆಲ್ 36. 1950ರಲ್ಲಿ 'ಚೀಫ್ಸ್ ಸ್ಪೆಷಲ್' ಎಂಬ ಹೆಸರಿನಲ್ಲಿ ಬಂದದ್ದು. ಎರಡು ಅಂಗುಲಕ್ಕೂ ತುಸು ಕಡಿಮೆಯ ಬ್ಯಾರೆಲ್, ಐದು ತೋಟಾ, ಅರ್ಧ ಕಿಲೋಗಿಂತ ಸ್ವಲ್ಪ ಹೆಚ್ಚು ತೂಕ. ಕೋಟಿನ ಜೇಬಿನಲ್ಲಿ ಅಡಗುತ್ತದೆ. ಎರಡಕ್ಕೂ ಒಂದೇ ಜಾತಿಯ ತೋಟಾ, ಪಾಯಿಂಟ್ 38 ಸ್ಪೆಷಲ್.

ಹಳೆಯ ರಿವಾಲ್ವರ್ ಪರೀಕ್ಷಿಸುವುದು ಹಳೆಯ ಕಾರು ಪರೀಕ್ಷಿಸುವುದಕ್ಕಿಂತ ಸುಲಭ. ಸವೆತವೆಲ್ಲ ಕಣ್ಣಿಗೆ, ಕೈಗೆ ಸಿಗುತ್ತದೆ. ಸಿಲಿಂಡರ್ ತೆರೆದು ಒಳಗೆ ತೋಟಾ ಇಲ್ಲವೆಂದು ಮೊದಲು ಖಚಿತ ಮಾಡಿಕೊಳ್ಳಬೇಕು. ಹ್ಯಾಮರ್ ಎಳೆದಾಗ ಒಂದೊಂದು ಕೋಣೆಯೂ ಬ್ಯಾರೆಲ್ಲಿನ ನೇರಕ್ಕೆ ಬಂದು ಬಿಗಿಯಾಗಿ ನಿಲ್ಲುತ್ತದೆಯೇ, ಸಿಲಿಂಡರ್ ಹಿಂದೆ ಮುಂದೆ ಅಲುಗಾಡುತ್ತದೆಯೇ, ಬ್ಯಾರೆಲ್ಲಿನ ಹಿಂಬದಿಯ ಬಾಯಿ ಸವೆದು ಬಿರುಕು ಬಿಟ್ಟಿದೆಯೇ ಎಂದು ನೋಡಬೇಕು. ಅವನು ನೋಡಿಸಿದ್ದ. ಎರಡೂ ಗಟ್ಟಿಮುಟ್ಟಾಗಿದ್ದವು, ಬೆಲೆಯಲ್ಲೂ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ನನ್ನ ಎರಡು ಪ್ರಶ್ನೆಗಳು ಅಲ್ಲಿಗೆ ಮುಗಿದವು.

ಉಳಿದದ್ದು 'ಎರಡಕ್ಕೂ ಆಗುವಂಥದ್ದು' ಎಂಬ ಮಾತು. ತೊಡಕಿರುವುದು ಅಲ್ಲೇ. ಗುಂಡು ಹಾರಿದಾಗ ರಿವಾಲ್ವರ್ ಹಿಂದಕ್ಕೆ ಒದೆಯುತ್ತದೆ. ತೂಕ ಹೆಚ್ಚಿದ್ದರೆ ಆ ಒದೆತವನ್ನು ಕಬ್ಬಿಣವೇ ನುಂಗಿಕೊಳ್ಳುತ್ತದೆ. ತೂಕ ಕಡಿಮೆಯಾದರೆ ಕೈ ನುಂಗಬೇಕು. ಬ್ಯಾರೆಲ್ ಉದ್ದವಾದಷ್ಟೂ ಗುರಿ ನೋಡುವ ಎರಡು ಗುರುತುಗಳ ನಡುವಿನ ಅಂತರ ಹೆಚ್ಚಿ, ಗುರಿ ಹಿಡಿಯುವುದು ಸುಲಭವಾಗುತ್ತದೆ. ಹೀಗಾಗಿ ಮಾಡೆಲ್ 10 ಹಿಡಿದು ಒಂದು ಮಧ್ಯಾಹ್ನ ನೂರು ತೋಟಾ ಹೊಡೆದರೂ ಇನ್ನಷ್ಟು ಹೊಡೆಯುವ ಆಸೆ ಉಳಿಯುತ್ತದೆ. ಮಾಡೆಲ್ 36ರಲ್ಲಿ ಇಪ್ಪತ್ತೈದು ಹೊಡೆಯುವಷ್ಟರಲ್ಲಿ ಅಂಗೈ ಸಾಕು ಎನ್ನುತ್ತದೆ. ಹೊಡೆಯಲು ಸುಖವಾದದ್ದು ಹೊತ್ತು ತಿರುಗಲು ಕಷ್ಟ. ಹೊತ್ತು ತಿರುಗಲು ಸುಖವಾದದ್ದು ಹೊಡೆಯಲು ಕಷ್ಟ. ಇದರ ಫಲಿತಾಂಶ ವಿಚಿತ್ರವಾದದ್ದು. ಮನುಷ್ಯ ಯಾವುದರಲ್ಲಿ ಪಳಗುತ್ತಾನೋ ಅದು ಮನೆಯಲ್ಲಿ ಉಳಿಯುತ್ತದೆ. ಯಾವುದರಲ್ಲಿ ಪಳಗಿಲ್ಲವೋ ಅದು ಅವನ ಜೊತೆ ಸಂತೆಗೆ ಹೋಗುತ್ತದೆ.

ಇದು ಅಮೆರಿಕಕ್ಕಷ್ಟೇ ಸೇರಿದ ತೊಡಕಲ್ಲ. ದೆಹಲಿಯ ಘೋರ ಘಟನೆಯ ನಂತರ, 2014ರಲ್ಲಿ ಕಾನ್ಪುರದ ಸರ್ಕಾರಿ ಕಾರ್ಖಾನೆ 'ನಿರ್ಭೀಕ್' ಎಂಬ ರಿವಾಲ್ವರನ್ನು ಮಹಿಳೆಯರಿಗೆಂದೇ ಹೊರತಂದಿತು. ಹ್ಯಾಂಡ್‌ಬ್ಯಾಗಿನಲ್ಲಿ ಹಿಡಿಸುವಂತೆ ಅರ್ಧ ಕಿಲೋ ಆಸುಪಾಸಿನ ತೂಕ, ಒಂದು ಲಕ್ಷ ರೂಪಾಯಿ ಮೀರಿದ ಬೆಲೆ. ಆಗ ಎದ್ದ ಚರ್ಚೆಯಲ್ಲಿ ಬೆಲೆಯ ಮಾತು ಬಂತು, ಪರವಾನಗಿಯ ಮಾತು ಬಂತು. ಹಗುರವಾಗಿರುವುದು ಗುಣವೋ ದೋಷವೋ ಎಂಬ ಮಾತು ಅಷ್ಟಾಗಿ ಬರಲಿಲ್ಲ.

ಲೆಕ್ಕಶಾಸ್ತ್ರದಲ್ಲಿ ಒಂದು ನಿಯಮವಿದೆ. ವಸ್ತು ಯಾವ ತಲೆಬರಹದ ಕೆಳಗೆ ಬರಬೇಕೆಂದು ತೀರ್ಮಾನಿಸುವುದು ವಸ್ತುವಲ್ಲ, ಅದನ್ನು ಇಟ್ಟುಕೊಂಡವನ ಉದ್ದೇಶ. ಒಂದೇ ನಿವೇಶನ, ಮನೆ ಕಟ್ಟಿ ಮಾರುವವನ ಪುಸ್ತಕದಲ್ಲಿ ಮಾರಾಟದ ಸರಕು. ಕಾರ್ಖಾನೆ ನಡೆಸುವವನ ಪುಸ್ತಕದಲ್ಲಿ ಸ್ಥಿರಾಸ್ತಿ. ಬೆಲೆ ಏರಲೆಂದು ಇಟ್ಟುಕೊಂಡವನ ಪುಸ್ತಕದಲ್ಲಿ ಹೂಡಿಕೆ. ಮಣ್ಣು ಅದೇ, ಲೆಕ್ಕ ಬೇರೆ. ನಮ್ಮ ಮಲೆನಾಡಿನ ಅಡಕೆ ತೋಟದವರಿಗೆ ಇದು ಹೊಸತಲ್ಲ. ಬೆಳೆ ರಕ್ಷಣೆಗೆ ಕೊಟ್ಟ ಕೋವಿಯ ಪರವಾನಗಿ ಒಂದು, ಆತ್ಮರಕ್ಷಣೆಗೆ ಕೊಟ್ಟದ್ದು ಇನ್ನೊಂದು. ಮಂಗ, ಹಂದಿ ಓಡಿಸಲು ಗೋಡೆಗೆ ಒರಗಿದ ಕೋವಿಗೂ, ಮನುಷ್ಯನೊಬ್ಬನನ್ನು ಮನಸ್ಸಿನಲ್ಲಿಟ್ಟುಕೊಂಡು ದಿಂಬಿನಡಿ ಇಟ್ಟ ಪಿಸ್ತೂಲಿಗೂ ಇರುವ ಅಂತರವನ್ನು ಊರಿನಲ್ಲಿ ಯಾರೂ ವಿವರಿಸಿ ಹೇಳಬೇಕಾಗಿಲ್ಲ.

ರೇಂಜ್ ಮತ್ತು ರಸ್ತೆ ಕೂಡ ಹಾಗೆಯೇ. ಸ್ಯಾನ್ ಹೋಸೆಯ ದಕ್ಷಿಣಕ್ಕೆ ಗುಡ್ಡಗಳ ನಡುವೆ ನಮ್ಮ ಕೌಂಟಿಯೇ ನಡೆಸುವ ಫೀಲ್ಡ್ ಸ್ಪೋರ್ಟ್ಸ್ ಪಾರ್ಕ್ ಇದೆ. ಇಂಥ ರೇಂಜುಗಳಲ್ಲಿ ಶಿಸ್ತು ಬಹಳ. ಮೇಲ್ವಿಚಾರಕ ಕೂಗಿದ ಕೂಡಲೇ ಎಲ್ಲರೂ ಹೊಡೆಯುವುದನ್ನು ನಿಲ್ಲಿಸಬೇಕು, ಸಿಲಿಂಡರ್ ತೆರೆದು ಮೇಜಿನ ಮೇಲೆ ಇಡಬೇಕು, ಗೆರೆಯ ಹಿಂದಕ್ಕೆ ಸರಿಯಬೇಕು. ಕಾಗದದ ಗುರಿ ಬದಲಿಸಲು ಜನ ಮುಂದೆ ಹೋಗಿರುವಾಗ ಯಾರೂ ಬಂದೂಕು ಮುಟ್ಟುವಂತಿಲ್ಲ. ಅಲ್ಲಿ ಉಸಿರು, ಕಣ್ಣು, ಬೆರಳು ಇಷ್ಟನ್ನೇ ಹದಗೊಳಿಸುವ ಸಂತೋಷವಿದೆ. ವೀಣೆ ಕಲಿಯುವವರೂ ಕ್ಯಾರಂ ಆಡುವವರೂ ಬಲ್ಲ ಸಂತೋಷವೇ ಅದು. ಅದನ್ನು ತೆಗಳುವುದರಲ್ಲಿ ಅರ್ಥವಿಲ್ಲ. ಆದರೆ ಅದೇ ಕಬ್ಬಿಣ ಸೊಂಟಕ್ಕೆ ಏರಿದಾಗ ಗುರಿ ಕಾಗದವಲ್ಲ, ಇನ್ನೂ ಮುಖ ಕಾಣದ ಒಬ್ಬ ಮನುಷ್ಯ. ಅವನು ಎದುರಾಗುವ ಮೊದಲೇ ಅವನ ವಿಷಯದಲ್ಲಿ ಒಂದು ತೀರ್ಮಾನ ಆಗಿಹೋಗಿರುತ್ತದೆ. ಸಹಿ ಹಾಕಿದ ಖಾಲಿ ಚೆಕ್ ಜೇಬಿನಲ್ಲಿಟ್ಟುಕೊಂಡು ತಿರುಗಿದ ಹಾಗೆ. ಹೆಸರು, ಮೊತ್ತ, ತಾರೀಖು ಆಮೇಲೆ ತುಂಬುವುದು. ಸಹಿ ಮಾತ್ರ ಇಂದಿನದು.

ಗೆಳೆಯನ ಮನೆಯಲ್ಲಿ ಈ ಮಾತೆಲ್ಲ ನಡೆಯುವಾಗ ಅವನ ಹೆಂಡತಿ ಸುಮ್ಮನೆ ಕೇಳಿಸಿಕೊಳ್ಳುತ್ತಿದ್ದರು. ಅವರಿಗೆ ಹದಿನೈದು ವರ್ಷದ ಮಗನಿದ್ದಾನೆ. ಕೊನೆಗೆ ಅವರು ಕೇಳಿದ್ದು ಒಂದೇ ಮಾತು: "ಅದರ ಕೀ ಯಾರ ಹತ್ರ ಇರುತ್ತೆ?"

ನನಗೆ ಆರ್ಟಿಕಲ್ಡ್ ಕ್ಲರ್ಕ್ ಆಗಿದ್ದ ದಿನಗಳ ಬ್ಯಾಂಕ್ ಆಡಿಟ್ ನೆನಪಾಯಿತು. ಏಪ್ರಿಲ್ ಬಿಸಿಲಿನಲ್ಲಿ ಶಾಖೆಯಿಂದ ಶಾಖೆಗೆ ಅಲೆಯುವಾಗ ನಾವು ತಪ್ಪದೆ ನೋಡುತ್ತಿದ್ದ ಒಂದು ಸಂಗತಿಯೆಂದರೆ ತಿಜೋರಿಯ ಕೀಲಿಕೈ. ಅದು ಎಂದೂ ಒಂದಲ್ಲ, ಎರಡು. ಒಂದು ಮ್ಯಾನೇಜರ ಬಳಿ, ಇನ್ನೊಂದು ಕ್ಯಾಷ್ ನೋಡುವವರ ಬಳಿ. ಇಬ್ಬರೂ ಬಂದು ನಿಲ್ಲದೆ ಬಾಗಿಲು ತೆರೆಯದು. ಮೂವತ್ತು ವರ್ಷ ಒಂದು ರೂಪಾಯಿಯ ತಪ್ಪಿಲ್ಲದೆ ದುಡಿದ ಮ್ಯಾನೇಜರಿಗೂ ಇದೇ ನಿಯಮ. ಅದರಿಂದ ಅವರಿಗೆ ಅವಮಾನವೂ ಇಲ್ಲ. ಏಕೆಂದರೆ ನಿಯಮ ಇರುವುದು ಕಳ್ಳನನ್ನು ಹಿಡಿಯಲು ಮಾತ್ರವಲ್ಲ. ಒಳ್ಳೆಯವನ ಕೆಟ್ಟ ದಿನವೊಂದಿರುತ್ತದಲ್ಲ, ಆ ದಿನದಿಂದ ಅವನನ್ನು ಕಾಪಾಡಲು. ಮಂಜೂರು ಮಾಡುವವನೇ ಹಣ ಕೊಡುವವನಾಗಬಾರದು, ಹಣ ಕೊಡುವವನೇ ಲೆಕ್ಕ ಬರೆಯುವವನಾಗಬಾರದು ಎಂಬುದು ನಮ್ಮ ವೃತ್ತಿಯ ಮೊದಲ ಪಾಠ.

ಕ್ಯಾಲಿಫೋರ್ನಿಯಾದ ಕಾನೂನನ್ನು ಈ ಕಣ್ಣಿನಿಂದ ನೋಡಿದರೆ ಅದು ಎರಡನೆಯ ಕೀಲಿಕೈಗಳ ಗೊಂಚಲು. ನೆರೆಯವನಿಂದ ಹಳೆಯ ರಿವಾಲ್ವರ್ ಕೊಂಡರೂ ಪರವಾನಗಿ ಪಡೆದ ಅಂಗಡಿಯ ಮೂಲಕವೇ ಕೈ ಬದಲಾಗಬೇಕು. ಅದಕ್ಕೆ ಮೊದಲು ಮೂವತ್ತು ಪ್ರಶ್ನೆಗಳ ಸುರಕ್ಷತಾ ಪರೀಕ್ಷೆ ಪಾಸಾಗಬೇಕು. ಹಣ ಕೊಟ್ಟ ಮೇಲೂ ಹತ್ತು ದಿನ ಕಾಯಬೇಕು. ಅಷ್ಟರಲ್ಲಿ ರಾಜ್ಯ ಸರ್ಕಾರ ಕೊಳ್ಳುವವನ ಹಿನ್ನೆಲೆ ನೋಡುತ್ತದೆ, ಕೊಳ್ಳುವವನ ಸಿಟ್ಟೂ ಇಳಿಯುತ್ತದೆ. ನಮ್ಮ ಸನ್ನಿವೇಲಿನ ಮತದಾರರು 2013ರ ನವೆಂಬರಿನಲ್ಲಿ 'ಮೆಷರ್ ಸಿ' ಎಂಬ ಸ್ಥಳೀಯ ಕಾನೂನನ್ನು ಬಹುಮತದಿಂದ ಒಪ್ಪಿದರು. ಅದರ ಪ್ರಕಾರ ಮನೆಯಲ್ಲಿರುವ ಬಂದೂಕು ಮೈಮೇಲೆ ಇಲ್ಲದಾಗ ಬೀಗದಲ್ಲಿರಬೇಕು; ಕಳವಾದದ್ದು ತಿಳಿದ 48 ಗಂಟೆಯೊಳಗೆ ಪೊಲೀಸರಿಗೆ ತಿಳಿಸಬೇಕು; 10ಕ್ಕಿಂತ ಹೆಚ್ಚು ತೋಟಾ ಹಿಡಿಸುವ ಮ್ಯಾಗಜೀನ್ ಇಟ್ಟುಕೊಳ್ಳುವಂತಿಲ್ಲ. ಐದಾರು ತೋಟಾದ ರಿವಾಲ್ವರಿಗೆ ಈ ಕೊನೆಯ ನಿಯಮ ತಟ್ಟುವುದೇ ಇಲ್ಲ. ಹೊತ್ತು ತಿರುಗಲು ಬೇರೆಯೇ ಪರವಾನಗಿ ಬೇಕು. 2024ರಿಂದ ಜಾರಿಗೆ ಬಂದ ಕಾನೂನಿನಂತೆ ಮೊದಲ ಸಲಕ್ಕೆ ಕನಿಷ್ಠ 16 ಗಂಟೆಗಳ ತರಬೇತಿ, ಯಾವ ಬಂದೂಕನ್ನು ಒಯ್ಯುತ್ತೇನೆಂದು ಬರೆಸುತ್ತಾನೋ ಅದೇ ಬಂದೂಕಿನಿಂದ ಹೊಡೆದು ತೋರಿಸುವ ಪರೀಕ್ಷೆ. 'ಎರಡಕ್ಕೂ ಆಗುವಂಥದ್ದು' ಎಂಬ ಮಾತಿನಲ್ಲಿದ್ದ ತೊಡಕನ್ನು ಕಾನೂನು ಮಾಡಿದವರೂ ಕಂಡಿದ್ದಾರೆ.

ಆದರೆ ಈ ಎಲ್ಲ ಕೀಲಿಕೈಗಳೂ ಕೆಲಸ ಮಾಡುವುದು ರಿವಾಲ್ವರ್ ಸೊಂಟಕ್ಕೇರುವ ತನಕ. ಏರಿದ ಮೇಲೆ ಎರಡನೆಯ ಕೀಲಿಕೈ ಇಲ್ಲ, ಇರಲೂ ಸಾಧ್ಯವಿಲ್ಲ. ಯಾರನ್ನೂ ಕೇಳದೆ, ಒಂದೇ ಕ್ಷಣದಲ್ಲಿ ಕೈಗೆ ಬರುವುದೇ ಅದರ ಉಪಯೋಗ. ಆರೋಪ ಹೊರಿಸುವವನು, ತೀರ್ಪು ಕೊಡುವವನು, ಜಾರಿ ಮಾಡುವವನು ಮೂವರೂ ಒಬ್ಬನೇ. ಬ್ಯಾಂಕಿನಲ್ಲಿ ಹತ್ತು ಸಾವಿರ ರೂಪಾಯಿಗೂ ಒಪ್ಪಲಾಗದ ವ್ಯವಸ್ಥೆಯನ್ನು ಇಲ್ಲಿ ಒಂದು ಜೀವಕ್ಕೆ ಒಪ್ಪಬೇಕಾಗುತ್ತದೆ. ಮಾಡೆಲ್ 10 ಮತ್ತು ಮಾಡೆಲ್ 36ರ ನಡುವಿನ ನಿಜವಾದ ಅಂತರ ತೂಕದ್ದಲ್ಲ. ಒಂದು ಎರಡು ಕೀಲಿಕೈಗಳ ನಡುವೆ ಬದುಕಬಲ್ಲದು. ಇನ್ನೊಂದು ಒಂದೇ ಕೀಲಿಕೈಯಲ್ಲಿ ಬದುಕಲೆಂದೇ ಹುಟ್ಟಿದೆ.

ಒಂದೇ ಕೀಲಿಕೈ ಕೆಟ್ಟಾಗ ನಷ್ಟ ಯಾರಿಗೆ? ಸನ್ನಿವೇಲಿನಿಂದ ಕೂಗಳತೆಯಲ್ಲಿರುವ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರ ತಂಡ ಈ ಲೆಕ್ಕವನ್ನು ದೊಡ್ಡ ಪ್ರಮಾಣದಲ್ಲಿ ಮಾಡಿದೆ. ಕ್ಯಾಲಿಫೋರ್ನಿಯಾದ 2 ಕೋಟಿ 60 ಲಕ್ಷ ವಯಸ್ಕರ ದಾಖಲೆಗಳನ್ನು ಹನ್ನೆರಡು ವರ್ಷಗಳ ಅವಧಿಗೆ ಹೊಂದಿಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೈಬಂದೂಕು ಇರುವ ಗಂಡಸರು ಗುಂಡು ಹೊಡೆದುಕೊಂಡು ಸಾಯುವ ಸಂಭವ ಇಲ್ಲದವರಿಗಿಂತ ಎಂಟು ಪಟ್ಟು, ಹೆಂಗಸರಲ್ಲಿ ಮೂವತ್ತೈದು ಪಟ್ಟು ಕಂಡುಬಂತು. 2022ರ ಇನ್ನೊಂದು ಅಧ್ಯಯನ ನೋಡಿದ್ದು ತಮ್ಮ ಬಳಿ ಬಂದೂಕಿಲ್ಲದೆ, ಬಂದೂಕಿರುವವರ ಮನೆಯಲ್ಲಿ ವಾಸಿಸುವವರನ್ನು. ಅವರು ಕೊಲೆಯಾಗುವ ಪ್ರಮಾಣ ಬಂದೂಕಿಲ್ಲದ ಮನೆಯವರಿಗಿಂತ ಎರಡು ಪಟ್ಟಿಗೂ ಹೆಚ್ಚು. ಸಂಗಾತಿಯ ಗುಂಡಿಗೇ ಸಾಯುವ ಪ್ರಮಾಣ ಏಳು ಪಟ್ಟು, ಹಾಗೆ ಸತ್ತವರಲ್ಲಿ ಬಹುಪಾಲು ಹೆಂಗಸರು. ಇಂಥ ಸಾವು ಒಟ್ಟಿನಲ್ಲಿ ಅಪರೂಪ ಎಂಬುದೂ ನಿಜ. ಪಟ್ಟುಗಳ ಲೆಕ್ಕ ಕೇಳಿ ಬೆದರಬೇಕಾಗಿಲ್ಲ. ಆದರೆ ಲಾಭ ಒಬ್ಬನ ಖಾತೆಗೆ, ನಷ್ಟದ ಸಂಭವ ಸಹಿ ಹಾಕದವರ ಖಾತೆಗೆ ಹೋಗುತ್ತಿದ್ದರೆ ಅದನ್ನು ಅವರ ಮುಂದೆ ಇಡದೆ ಪುಸ್ತಕ ಮುಚ್ಚಬಾರದು. ಆ ಮನೆಯೊಡತಿ ಕೀ ಯಾರ ಹತ್ತಿರ ಎಂದು ಕೇಳಿದ್ದು ಈ ಅಂಕಿಗಳನ್ನು ಓದಿಯಲ್ಲ. ಓದುವ ಅಗತ್ಯವೂ ಅವರಿಗಿರಲಿಲ್ಲ.

ಕೊಡಗಿನವರು ಇಲ್ಲಿ ತಡೆದು ಕೇಳಬಹುದು: ನಮ್ಮಲ್ಲಿ ಮನೆಮನೆಗೂ ಕೋವಿ ಇದೆಯಲ್ಲ? ನ್ಯಾಯವಾದ ಪ್ರಶ್ನೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಬಂದ ಪರವಾನಗಿ ವಿನಾಯಿತಿಯನ್ನು ಕೇಂದ್ರ ಸರ್ಕಾರ 2029ರವರೆಗೆ ಮುಂದುವರಿಸಿದೆ; ಕರ್ನಾಟಕ ಹೈಕೋರ್ಟ್ 2021ರಲ್ಲಿ ಅದನ್ನು ಎತ್ತಿಹಿಡಿಯಿತು. ಆದರೆ ಆ ಕೋವಿ ಬದುಕುವ ಬಗೆ ನೋಡಿ. ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು; ಅದು ಊರಿಗೆ ಸುದ್ದಿ ಮುಟ್ಟಿಸುವ ದನಿ. ಕೈಲ್ ಪೊಳ್ದ್ ಹಬ್ಬದಲ್ಲಿ ಅದಕ್ಕೆ ತೋಕ್ ಪೂ ಸಿಕ್ಕಿಸಿ ಪೂಜೆ, ಆಮೇಲೆ ಬಯಲಿನಲ್ಲಿ ತೆಂಗಿನಕಾಯಿಗೆ ಗುರಿ ಇಡುವ ಪಂದ್ಯ. ಆಳುದ್ದದ ಕೋವಿಯನ್ನು ಯಾರೂ ಅಂಗಿಯೊಳಗೆ ಬಚ್ಚಿಡಲಾರರು. ಅದು ಮನೆತನದ್ದು, ಊರು ಬಲ್ಲದ್ದು. ಯಾರ ಮನೆಯ ಕೋವಿ ಯಾವಾಗ ಹೊರಬಂತೆಂದು ಹತ್ತು ಕಣ್ಣುಗಳಿಗೆ ತಿಳಿಯುತ್ತದೆ. ಆ ಹತ್ತು ಕಣ್ಣುಗಳೇ ಎರಡನೆಯ ಕೀಲಿಕೈ. ನಮ್ಮ ಕೌಂಟಿ ಕೊಡುವ ಪರವಾನಗಿಯಾದರೋ ಮುಚ್ಚಿಟ್ಟುಕೊಂಡು ಒಯ್ಯುವುದಕ್ಕೆ. ಪಕ್ಕದಲ್ಲಿ ಕೂತವನಿಗೂ ತಿಳಿಯಬಾರದು. ಕಾನೂನಿಗೆ ಅದರದೇ ಕಾರಣಗಳಿವೆ. ಆದರೂ ಕಣ್ಣಿಗೆ ಬೀಳುವ ಆಯುಧಕ್ಕೂ ಕಣ್ಣು ತಪ್ಪಿಸುವ ಆಯುಧಕ್ಕೂ ನೀತಿ ಒಂದೇ ಅಲ್ಲ.

ಪಾಂಡವರಿಗೂ ಈ ಪ್ರಶ್ನೆ ಎದುರಾಗಿತ್ತು. ಒಂದು ವರ್ಷ ವಿರಾಟನ ಊರಿನಲ್ಲಿ ಸಾಮಾನ್ಯ ಜನರಾಗಿ ಬದುಕಬೇಕು. ಆಯುಧಗಳನ್ನು ಏನು ಮಾಡುವುದು? ಊರ ಹೊರಗಿನ ಬನ್ನಿ ಮರಕ್ಕೆ ಏರಿಸಿದರು, ಯಾರೂ ಹತ್ತಿರ ಸುಳಿಯದಿರಲೆಂದು ಹೆಣವೊಂದನ್ನೂ ಕಟ್ಟಿದರು. ಊರೊಳಗೆ ಅಡುಗೆಯವನಾಗಿ, ನಾಟ್ಯದ ಗುರುವಾಗಿ, ಕುದುರೆ ನೋಡುವವನಾಗಿ ಇರುವವರಿಗೆ ಗಾಂಡೀವ ಸಲ್ಲದು ಎಂದಷ್ಟೇ ಇದರ ಅರ್ಥವಲ್ಲ. ಮತ್ತೆ ಬೇಕಾದಾಗ ಅರ್ಜುನ ತಾನೇ ಮರ ಹತ್ತಲಿಲ್ಲ. ಉತ್ತರಕುಮಾರನನ್ನು ಹತ್ತಿಸಿ ಇಳಿಸಿಕೊಂಡ. ಬಲ್ಲವನೊಬ್ಬ, ಅಂಜುವವನೊಬ್ಬ, ಇಬ್ಬರೂ ಕೂಡಿದಾಗ ಆಯುಧ ಹೊರಬಂತು. ನಮ್ಮ ತಿಜೋರಿಯ ನಿಯಮ ಅಲ್ಲೇ ಇದೆ.

ಆದರೆ ಅದೇ ವಿರಾಟಪರ್ವದಲ್ಲಿ ನನ್ನ ವಾದಕ್ಕೆ ಉತ್ತರವೂ ಇದೆ. ಆಯುಧಗಳು ಮರದ ಮೇಲಿದ್ದಾಗಲೇ ಕೀಚಕ ದ್ರೌಪದಿಯ ಬೆನ್ನು ಹತ್ತಿದ. ಅವಳು ತುಂಬಿದ ಸಭೆಗೆ ಹೋಗಿ ನ್ಯಾಯ ಕೇಳಿದಳು. ಎರಡನೆಯ ಕೀಲಿಕೈ ಇದ್ದದ್ದು ದೊರೆಯ ಬಳಿ. ದೊರೆ ಮೈದುನನಿಗೆ ಅಂಜಿ ಸುಮ್ಮನೆ ಕೂತ. ಇದು ಬರೀ ಪುರಾಣವಲ್ಲ. 1988ರ ಫೆಬ್ರವರಿ 16ರಂದು ಇದೇ ಸನ್ನಿವೇಲಿನ ಇಎಸ್‌ಎಲ್ ಎಂಬ ರಕ್ಷಣಾ ಕಂಪನಿಯ ಕಚೇರಿಗೆ, ಹಿಂದೆ ಅಲ್ಲಿ ಕೆಲಸ ಕಳೆದುಕೊಂಡವನೊಬ್ಬ ಬಂದೂಕುಗಳೊಂದಿಗೆ ನುಗ್ಗಿ ಏಳು ಜನರನ್ನು ಕೊಂದ. ವರ್ಷಗಟ್ಟಲೆ ಅವನ ಕಾಟಕ್ಕೆ ಗುರಿಯಾಗಿದ್ದ ಸಹೋದ್ಯೋಗಿ ಮಹಿಳೆಯೂ ಗಾಯಗೊಂಡರು. ಅವನು ಹತ್ತಿರ ಬರಕೂಡದೆಂಬ ತಾತ್ಕಾಲಿಕ ನ್ಯಾಯಾಲಯದ ಆಜ್ಞೆ ಅವರ ಕೈಯಲ್ಲಿತ್ತು; ಅದರ ವಿಚಾರಣೆ ಮರುದಿನಕ್ಕೆ ನಿಗದಿಯಾಗಿತ್ತು. ಕಾಟ ಕೊಡುವುದನ್ನೇ ಅಪರಾಧವೆಂದು ಸಾರುವ ಕಾನೂನು ಕ್ಯಾಲಿಫೋರ್ನಿಯಾದಲ್ಲಿ ಬಂದದ್ದು ಆಮೇಲೆ, 1990ರಲ್ಲಿ. ಎರಡನೆಯ ಕೀಲಿಕೈ ಹಿಡಿದವರು ತಡವಾಗಿ ಬರುತ್ತಾರೆ. ಕೆಲವೊಮ್ಮೆ ಕೆಟ್ಟವರೂ ಆಗಿರುತ್ತಾರೆ. ನಮ್ಮ ಸ್ಯಾಂಟಾ ಕ್ಲಾರಾ ಕೌಂಟಿಯ ಶೆರಿಫ್ ಆಗಿದ್ದ ಲಾರಿ ಸ್ಮಿತ್ ಬಂದೂಕು ಒಯ್ಯುವ ಪರವಾನಗಿಗಳನ್ನು ಬೇಕಾದವರಿಗೆ ಹಂಚಿದರೆಂಬ ಆರೋಪ ಸೇರಿದಂತೆ ಹಲವು ಆರೋಪಗಳಲ್ಲಿ ತಪ್ಪಿತಸ್ಥರೆಂದು 2022ರಲ್ಲಿ ತೀರ್ಪುಗಾರರ ಮಂಡಳಿ ಹೇಳಿತು. ಅಹಿಂಸೆಯ ಹೆಸರಿನಲ್ಲಿ ಹೇಡಿತನವನ್ನು ಮುಚ್ಚಿಡುವುದಕ್ಕಿಂತ ಹಿಂಸೆಯೇ ವಾಸಿ ಎಂದು ಗಾಂಧೀಜಿಯೇ ಹೇಳಿದ್ದುಂಟು. ಹೀಗಿರುವಾಗ ಒಂದೇ ಕೀಲಿಕೈ ಎಂದೂ ಕೂಡದು ಎನ್ನುವುದು ಸುರಕ್ಷಿತರಾಗಿ ಕೂತವರ ಮಾತು.

ಹಾಗಾದರೆ ಗೆರೆ ಎಲ್ಲಿ? ಇದಕ್ಕೂ ನನಗೆ ನೆರವಾದದ್ದು ಲೆಕ್ಕದ ಪುಸ್ತಕವೇ. ಕಂಪನಿಯೊಂದು ಮುಂದೆ ಬರಬಹುದಾದ ನಷ್ಟಕ್ಕೆ ಈಗಲೇ ಹಣ ತೆಗೆದಿಡಬೇಕಾದರೆ ಅದಕ್ಕೆ ನಿಯಮಗಳಿವೆ. ಸಿಎ ಓದಿದವರು ಲೆಕ್ಕಮಾನಕ 29 ಎಂದು ಕಲಿತಿರುತ್ತಾರೆ. ಆಗಲೇ ನಡೆದ ಘಟನೆಯೊಂದು ಇರಬೇಕು; ಅದರಿಂದ ಹುಟ್ಟಿದ ಹೊಣೆ ಇಂದು ಇರಬೇಕು; ಹಣ ಹೊರಹೋಗುವ ಸಂಭವ ಹೋಗದಿರುವುದಕ್ಕಿಂತ ಹೆಚ್ಚಿರಬೇಕು. 'ಕಾಲ ಕೆಟ್ಟಿದೆ, ಏನಾದರೂ ಆದೀತು' ಎಂಬುದಕ್ಕೆ ನಷ್ಟ ಬರೆಯುವಂತಿಲ್ಲ. ಬರೆದರೆ ಪುಸ್ತಕವೇ ಸುಳ್ಳಾಗುತ್ತದೆ. ದ್ರೌಪದಿಯ ಬಳಿ ಘಟನೆಯಿತ್ತು, ಹೆಸರಿತ್ತು, ಮತ್ತೆ ಬರುತ್ತಾನೆಂಬ ಖಾತರಿಯಿತ್ತು. ಕಾಟಕ್ಕೆ ಸಿಕ್ಕ ಆ ಎಂಜಿನಿಯರ್ ಮಹಿಳೆಯ ಬಳಿಯೂ ಇತ್ತು. ಅಂಥವರು ಪುಟ್ಟ ರಿವಾಲ್ವರನ್ನು ಆರಿಸಿಕೊಂಡರೆ, ಅಂಗೈ ನೊಂದರೂ ಬಿಡದೆ ಅದರಲ್ಲೇ ಪಳಗಿ ಒಯ್ದರೆ, ನಾನು ತಲೆಬಾಗುತ್ತೇನೆ. ನಮ್ಮಲ್ಲಿ ಬಹುಪಾಲು ಜನರ ಬಳಿ ಇರುವುದು ಸುದ್ದಿ ಮಾತ್ರ. ಸುದ್ದಿ ಬೇರೆಯವರ ಘಟನೆ. ಅದು ನಮ್ಮ ಪುಸ್ತಕಕ್ಕೆ ಬರದು.

ಸುದ್ದಿಯನ್ನಾದರೂ ಪೂರ್ತಿ ಓದಬೇಕು. ಧಾರವಾಡದಲ್ಲಿ 2015ರ ಆಗಸ್ಟ್ 30ರ ಬೆಳಿಗ್ಗೆ ಎಂ.ಎಂ. ಕಲಬುರ್ಗಿಯವರು, ಬೆಂಗಳೂರಿನಲ್ಲಿ 2017ರ ಸೆಪ್ಟೆಂಬರ್ 5ರ ರಾತ್ರಿ ಗೌರಿ ಲಂಕೇಶ್ ಅವರು ಗುಂಡಿಗೆ ಬಲಿಯಾದದ್ದು ತಮ್ಮ ತಮ್ಮ ಮನೆಯ ಬಾಗಿಲಲ್ಲಿ. ಮೊದಲ ಕ್ಷಣ ಯಾವಾಗಲೂ ಕೊಲ್ಲಲು ಬಂದವನದು. ಬಾಗಿಲು ತೆರೆಯುವವರ ಸೊಂಟದಲ್ಲಿ ಏನಿದ್ದರೂ ಅದರ ಸರದಿ ಎರಡನೆಯದು. ಒಲೇಥಾದಲ್ಲಿ ಹಂತಕನನ್ನು ತಡೆಯಲು ಎದ್ದ ಇಯಾನ್ ಗ್ರಿಲ್ಲಟ್ ಎಂಬ ಬಿಳಿಯ ಯುವಕನ ಕೈಯಲ್ಲಿ ಆಯುಧವಿರಲಿಲ್ಲ. ಗುಂಡು ಮುಗಿದಿವೆಯೆಂದು ಎಣಿಸಿ ಹಿಂದೆ ಓಡಿದ. ಎಣಿಕೆ ತಪ್ಪಿ ಅವನಿಗೂ ಗುಂಡು ಬಿತ್ತು, ಬದುಕಿ ಉಳಿದ. ಆ ಸಂಜೆಯ ಧೈರ್ಯವನ್ನು ಯಾವ ಅಂಗಡಿಯಿಂದಲೂ ಕೊಂಡು ತಂದಿರಲಿಲ್ಲ.

ಗೆಳೆಯ ಕೊನೆಗೆ ಮಾಡೆಲ್ 10 ಕೊಂಡ. ಒಯ್ಯುವ ಪರವಾನಗಿಗೆ ಅರ್ಜಿ ಹಾಕಲಿಲ್ಲ. ರಿವಾಲ್ವರಿನ ಪೆಟ್ಟಿಗೆಯ ಬೀಗ ಅವನ ಬಳಿ. ತೋಟಾ ಪೆಟ್ಟಿಗೆಯ ಕೀಲಿಕೈ ಹೆಂಡತಿಯ ಬಳಿ. ತಿಂಗಳಿಗೊಮ್ಮೆ ರೇಂಜಿಗೆ ಹೊರಡುವ ದಿನ ಇಬ್ಬರೂ ತೆರೆದು ಕೊಡುತ್ತಾರೆ. ರಾತ್ರಿ ಕಳ್ಳ ಬಂದರೆ ಇದರಿಂದ ಉಪಯೋಗವಿಲ್ಲ ಎಂದು ಅವನ ಇನ್ನೊಬ್ಬ ಗೆಳೆಯ ನಕ್ಕನಂತೆ. ನಗು ಸರಿಯಾದದ್ದೇ, ಆ ಕೊರತೆಯನ್ನು ಗೊತ್ತಿದ್ದೇ ಒಪ್ಪಿಕೊಂಡಿದ್ದಾರೆ. ಚಿನ್ನ ಬ್ಯಾಂಕಿನ ಲಾಕರಿಗೆ ಹೋಗಿದೆ, ಬಾಗಿಲಿಗೆ ಗಟ್ಟಿ ಬೀಗ ಬಂದಿದೆ, ಪಕ್ಕದ ಮನೆಯವರ ಫೋನ್ ನಂಬರ್ ಫ್ರಿಜ್ಜಿನ ಮೇಲೆ ಅಂಟಿದೆ. ಇಷ್ಟೂ ಆದ ಮೇಲೆ ಉಳಿಯುವ ಹೆದರಿಕೆಯನ್ನು ಹೆದರಿಕೆಯಾಗಿಯೇ ಹೊತ್ತು ಬದುಕುವುದು ಅವರ ತೀರ್ಮಾನ. ಬೇರೆ ಮನೆಯವರು ಬೇರೆ ತೀರ್ಮಾನಕ್ಕೆ ಬರಬಹುದು. ಅದೂ ಮನೆಯವರೆಲ್ಲ ಕೂತು ಮಾಡಿದ್ದಾಗಿರಲಿ.

ಎರಡು ರಿವಾಲ್ವರುಗಳಲ್ಲಿ ಯಾವುದು ಎಂಬ ಪ್ರಶ್ನೆಗೆ ತಜ್ಞರು ತೂಕ, ಉದ್ದ, ತೋಟಾಗಳ ಲೆಕ್ಕದಲ್ಲಿ ಉತ್ತರ ಕೊಡುತ್ತಾರೆ. ಆ ಉತ್ತರಗಳು ಸುಳ್ಳಲ್ಲ. ಆದರೆ ಕೊಳ್ಳುವವನು ಅಂಗಡಿಗೆ ಹೋಗುವ ಮೊದಲು ಮನೆಯಲ್ಲಿ ಉತ್ತರಿಸಬೇಕಾದ ಪ್ರಶ್ನೆಗಳು ಬೇರೆ. ನನ್ನ ಹೆದರಿಕೆಗೆ ನಡೆದ ಘಟನೆಯ ಆಧಾರವಿದೆಯೇ, ಬರೀ ಸುದ್ದಿಯದೇ? ನಾನು ಒಯ್ಯುವುದರಲ್ಲಿ ನಾನು ಪಳಗಿದ್ದೇನೆಯೇ? ನನ್ನ ಕೆಟ್ಟ ದಿನದಲ್ಲಿ ಇನ್ನೊಂದು ಕೀಲಿಕೈ ಯಾರ ಕೈಯಲ್ಲಿರುತ್ತದೆ? ಕೆಟ್ಟ ದಿನ ಎಲ್ಲರಿಗೂ ಬರುತ್ತದೆ. ಮೂವತ್ತು ವರ್ಷ ತಪ್ಪಿಲ್ಲದೆ ದುಡಿದ ಮ್ಯಾನೇಜರಿಗೂ.